ಜಾತಿಯನ್ನ ಕುಷ್ಠರೋಗ ಅನ್ನಬ್ಯಾಡ್ರಿ



ಉದ್ದ ಪೋಸ್ಟ್ ಇದು. ಅರ್ಧ ಓದಿ ಬೈಯಬ್ಯಾಡ್ರಿ, ಪೂರ್ತಿ ಓದಿ ಬೈರಿ.

ಈ ಸಲ ಏಪ್ರಿಲ್ 14ರಂದು ನಮ್ಮ ತಾಲ್ಲೂಕಿನ ಜಯಂತಿ ಸಭೆಯಲ್ಲಿ ಸಂಘಟನೆಯ ಗೆಳೆಯರೊಬ್ಬರು ಮಾತಾಡಿದರು. ಒಳ್ಳೆ ಮಾತುಗಾರ. ಅವರು ಮೈಕ್ ಹಿಡಿದರೆ ಜನ ಎದ್ದು ಹೋಗಲ್ಲ. ಮಾತಿನ ಕಾವಿನಲ್ಲಿ "ಜಾತಿ ಅನ್ನೋದು ಈ ದೇಶಕ್ಕೆ ಹತ್ತಿದ ಕುಷ್ಠರೋಗ! ಅದನ್ನ ಹೊತ್ತು ತಿರುಗೋರನ್ನ ಹತ್ರಕ್ಕೂ ಬಿಟ್ಕೋಬಾರ್ದು!" ಅಂದರು. ಸಿಳ್ಳೆ, ಚಪ್ಪಾಳೆ. ವೇದಿಕೆ ಮೇಲೆ ಕೂತಿದ್ದ ನಾನೂ ಹೊಡೆದೆ. ಯಾಕೆ ಹೊಡೀಬಾರದು? ಆ ಸಾಲು ನನ್ನದೇ. ಹತ್ತು ವರ್ಷದಿಂದ ಕರಪತ್ರಗಳಲ್ಲಿ ಅದನ್ನೇ ಬರ್ಕೊಂಡು ಬಂದವನು ನಾನು.

ಸಭೆಯ ಹಿಂದುಗಡೆ, ನೀರಿನ ಕ್ಯಾನ್ ಪಕ್ಕದಲ್ಲಿ ಒಬ್ಬ ಹುಡುಗ ನಿಂತಿದ್ದ. ಕಾಲೇಜು ಓದುತ್ತಾನೆ. ಬೆಳಗ್ಗೆಯಿಂದ ಕುರ್ಚಿ ಹಾಕಿದ್ದು, ನೀಲಿ ಬಾವುಟ ಕಟ್ಟಿದ್ದು ಅವನೇ. ಸಭೆ ಮುಗಿದಾಗ ನೋಡಿದರೆ ಇಲ್ಲ. ಮರುದಿನ ಸಿಕ್ಕವನು ನನ್ನ ಮುಖ ನೋಡದೆ ಕೇಳಿದ: "ಅಣ್ಣಾ, ನಾನು ಜಾತಿಯಷ್ಟು ಹೊಲಸು ಅದೀನೇನು?"

ಅವನಿಗೆ ಕುಷ್ಠರೋಗ ಇದೆ ಅಂತ ಗೊತ್ತಾಗಿ ಅವತ್ತಿಗೆ ಮೂರು ವಾರ. ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದವನು ನಾನೇ. "ಏನೂ ಹೆದರಬ್ಯಾಡ, ಇದು ಎಲ್ಲಾ ಕಾಯಿಲೆ ಥರಾನೇ ಒಂದು ಕಾಯಿಲೆ" ಅಂತ ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಿದವನೂ ನಾನೇ. ಮೂರು ವಾರ ಕಳೆಯೋದರೊಳಗೆ ಅದೇ ಕಾಯಿಲೆಯ ಹೆಸರನ್ನ ಮೈಕಿನಲ್ಲಿ ಬೈಗುಳ ಮಾಡಿದಾಗ ಚಪ್ಪಾಳೆ ಹೊಡೆದೆ. ಅವನಿಗೆ ಕೊಡೋಕೆ ನನ್ನ ಹತ್ರ ಉತ್ತರ ಇರಲಿಲ್ಲ. (ಅವನನ್ನು ಕೇಳಿಯೇ ಇದನ್ನ ಬರೀತಿದೀನಿ. ಗುರುತು ಸಿಗುವ ಒಂದೆರಡು ಸಂಗತಿ ಬದಲಿಸಿದೀನಿ. ಯಾರು ಅಂತ ಹುಡುಕೋಕೆ ಹೋಗಬೇಡಿ.)

ಈಗ ಆ ಹೋಲಿಕೆಯನ್ನೇ ನೋಡೋಣ. ಜಾತಿಗೂ ಕುಷ್ಠಕ್ಕೂ ಯಾವ ಹೋಲಿಕೆ ಸ್ವಾಮಿ? ಕುಷ್ಠಕ್ಕೆ ಒಂದು ರೋಗಾಣು ಇದೆ. 1873ರಲ್ಲಿ ನಾರ್ವೆ ದೇಶದ ಹ್ಯಾನ್ಸೆನ್ ಅನ್ನೋ ವೈದ್ಯ ಅದನ್ನ ಕಂಡುಹಿಡಿದ. ಕುಷ್ಠಕ್ಕೆ ಗುಳಿಗೆ ಇದೆ. ಆರು ತಿಂಗಳು, ಜಾಸ್ತಿ ಇದ್ದರೆ ಹನ್ನೆರಡು ತಿಂಗಳು ತಗೊಂಡರೆ ಹೋಗುತ್ತೆ. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ರೂಪಾಯಿನೂ ಕೊಡಬೇಕಿಲ್ಲ. ಜಾತಿಗೆ ಯಾವ ಗುಳಿಗೆ ಇದೆ ತೋರಿಸ್ರಿ ನೋಡೋಣ. ಕುಷ್ಠ ಇರುವವನು ಯಾರನ್ನೂ ಬಾವಿ ಹತ್ರ ಬರಬ್ಯಾಡ ಅನ್ನಲ್ಲ, ಯಾರ ಗುಡಿಸಲಿಗೂ ಬೆಂಕಿ ಇಡಲ್ಲ, ಮದುವೆ ಆದ ಮಗಳನ್ನ ಕೊಲ್ಲಲ್ಲ. ಅವನು ಊರಿನ ಹೊರಗೆ ತಳ್ಳಿಸಿಕೊಂಡವನು. ತಳ್ಳಿದ್ದು ಜಾತಿ ಮಾಡುವ ಕೆಲಸ. ನಾವು ತಳ್ಳಿದವನ ಹೆಸರು ಬಿಟ್ಟು, ತಳ್ಳಿಸಿಕೊಂಡವನ ಹೆಸರನ್ನ ಬೈಗುಳ ಮಾಡಿಕೊಂಡಿದ್ದೀವಿ. ನಮ್ಮ ಜಾತಿಗಳ ಹೆಸರನ್ನೇ ಊರ ಜನ ಬೈಗುಳಕ್ಕೆ ಬಳಸಿದಾಗ ಕೇಸ್ ಹಾಕ್ತೀವಲ್ಲ, ಹಾಕಬೇಕು ಕೂಡ. ಹಾಗಾದರೆ ಇದೇನು?

ಇಷ್ಟೇ ಆಗಿದ್ದರೆ ಎರಡು ಸಾಲಲ್ಲಿ ತಪ್ಪಾಯ್ತು ಅಂತ ಬರೆದು ಮುಗಿಸುತ್ತಿದ್ದೆ. ಆದರೆ ನನ್ನ ಮನೆಯದ್ದೇ ಒಂದು ಲೆಕ್ಕ ಬಾಕಿ ಇದೆ.

ನಮ್ಮದು ತುಂಗಭದ್ರಾ ಕಾಲುವೆ ಕೆಳಗಿನ ಊರು, ಸಿಂಧನೂರು ಕಡೆ. ನಮ್ಮಪ್ಪ ಚಪ್ಪಲಿ ಹೊಲಿಯುತ್ತಿದ್ದ. ಅಪ್ಪನ ಅಣ್ಣನ ಹೆಂಡತಿ, ನಮ್ಮ ದೊಡ್ಡವ್ವ, ನೆಲ್ಲು ನಾಟಿ ಮಾಡೋದರಲ್ಲಿ ಕೇರಿಗೇ ಮುಂದು. ಅವಳ ಬೆನ್ನ ಮೇಲೊಂದು ಮಾಸಲು ಮಚ್ಚೆ ಇತ್ತು. ಕೆರೆಯುತ್ತಿರಲಿಲ್ಲ, ನೋಯುತ್ತಿರಲಿಲ್ಲ, ಹಾಗಾಗಿ ಅದು ಕಾಯಿಲೆ ಅಂತ ಯಾರಿಗೂ ಅನ್ನಿಸಲಿಲ್ಲ. ನೋವಿಲ್ಲದ ಕಾಯಿಲೆಗೆ ಕೂಲಿ ಬಿಟ್ಟು ಯಾರು ದವಾಖಾನೆಗೆ ಹೋಗ್ತಾರೆ? ಮೆಡಿಕಲ್ ಶಾಪಿನವನು ಗಜಕರ್ಣದ ಮುಲಾಮು ಕೊಟ್ಟ. ಒಂದು ವರ್ಷ ಹಚ್ಚಿದಳು. ಆಮೇಲೆ ಒಂದಿನ ರೊಟ್ಟಿ ಸುಡುವಾಗ ಹೆಂಚಿಗೆ ಬೆರಳು ತಾಗಿ ಸುಟ್ಟ ವಾಸನೆ ಬಂತು. ನಮ್ಮವ್ವ "ಅಕ್ಕಾ, ಕೈ! ಕೈ!" ಅಂತ ಚೀರಿದಳು. ದೊಡ್ಡವ್ವ ತನ್ನ ಕೈ ತಾನೇ ನೋಡಿಕೊಂಡಳಂತೆ, ಬೇರೆ ಯಾರದೋ ಕೈ ನೋಡಿದ ಹಾಗೆ.

ಅಲ್ಲಿಂದ ಕೇರಿಯಲ್ಲಿ ಗುಸುಗುಸು ಶುರುವಾಯ್ತು. "ದೊಡ್ಡ ರೋಗ ಐತಂತ." ದೇವಿ ಮುನಿದಾಳೆ ಅಂದರು, ಹಿಂದಿನ ಜನ್ಮದ್ದು ಅಂದರು. ಕೊನೆಗೆ ನಮ್ಮ ಹಿರಿಯರೇ ಕೂತು ತೀರ್ಮಾನ ಮಾಡಿದರು. ಕೇರಿಯ ಆಚೆ ಕಾಲುವೆ ದಂಡೆ ಮೇಲೆ ಅವಳಿಗೊಂದು ಗುಡಿಸಲು ಹಾಕಿಕೊಟ್ಟರು. ಊರಿನ ಹೊರಗೆ ನಮ್ಮ ಕೇರಿ, ನಮ್ಮ ಕೇರಿಯ ಹೊರಗೆ ದೊಡ್ಡವ್ವನ ಗುಡಿಸಲು.

ಊರಿನ ಹೋಟೆಲ್ಲಿನಲ್ಲಿ ಆಗ ನಮ್ಮ ಜನಕ್ಕೆ ಬೇರೆ ಲೋಟ. ಹೊರಗಿನ ಗೂಡಲ್ಲಿ ಬೋರಲು ಹಾಕಿಟ್ಟಿರುತ್ತಿದ್ದ ಲೋಟವನ್ನ ನಾವೇ ತಗೊಂಡು, ಕುಡಿದು, ನಾವೇ ತೊಳೆದು ಇಡಬೇಕಿತ್ತು. ಆ ಲೋಟದ ವಿರುದ್ಧ ಹೋರಾಟ ಮಾಡಿ ಲಾಠಿ ಏಟು ತಿಂದವರಲ್ಲಿ ನಮ್ಮಪ್ಪನೂ ಒಬ್ಬ. ಅದೇ ಅಪ್ಪನ ಮನೆಯಲ್ಲಿ, ದೊಡ್ಡವ್ವ ಹಬ್ಬಕ್ಕೆ ಬಂದರೆ ಕುಡಿಯಲಿ ಅಂತ, ಹಿತ್ತಲ ಗೋಡೆ ಸಂದಿನಲ್ಲಿ ಒಂದು ಬೇರೆ ಲೋಟ ಇತ್ತು. ನಾನು ಎಷ್ಟೋ ಸಲ ಆ ಲೋಟಕ್ಕೆ ಮೇಲಿಂದ ಚಹಾ ಹೊಯ್ದಿದ್ದೀನಿ, ಲೋಟಕ್ಕೆ ಪಾತ್ರೆ ತಾಗದ ಹಾಗೆ. ಹೇಗೆ ಹೊಯ್ಯಬೇಕು ಅಂತ ಯಾರೂ ಹೇಳಿಕೊಡಲಿಲ್ಲ. ಹೋಟೆಲ್ಲಿನವನು ನಮಗೆ ಹೊಯ್ಯೋದನ್ನ ನೋಡಿ ನೋಡಿ ಗೊತ್ತಿತ್ತು.

1990ರ ದಶಕದ ನಡುವೆ ಒಬ್ಬರು ಸೈಕಲ್ ಮೇಲೆ ಬರುತ್ತಿದ್ದರು. ಕುಷ್ಠರೋಗ ವಿಭಾಗದ ಪ್ಯಾರಾಮೆಡಿಕಲ್ ಕಾರ್ಯಕರ್ತರು, ಊರವರ ಬಾಯಲ್ಲಿ "ಲೆಪ್ರಸಿ ಸಾರ್". ಅವರು ಸೀದಾ ಕಾಲುವೆ ದಂಡೆಗೆ ಹೋಗಿ, ಗುಡಿಸಲ ಮುಂದೆ ಕೂತು, ದೊಡ್ಡವ್ವನ ಕೈ ಹಿಡಿದು ಮೊಣಕೈ ಹಿಂದಿನ ನರ ಮುಟ್ಟಿ ನೋಡುತ್ತಿದ್ದರು. ಅವಳು ಕೊಟ್ಟ ಚಹಾ ಕುಡಿಯುತ್ತಿದ್ದರು. ನಾವು ಹುಡುಗರು ದೂರ ನಿಂತು ಬಾಯಿ ಬಿಟ್ಕೊಂಡು ನೋಡ್ತಿದ್ವಿ. ಆಗ ಜಾಸ್ತಿ ಇದ್ದವರಿಗೆ ಎರಡು ವರ್ಷದ ಚಿಕಿತ್ಸೆ. ದೊಡ್ಡವ್ವ ಒಂದು ದಿನವೂ ಬಿಡದೆ ನುಂಗಿದಳು. ವಾಸಿಯಾಯ್ತು. ಕಾರ್ಡಿನಲ್ಲಿ ಬರೆದೂ ಕೊಟ್ಟರು. ಆದರೆ ಅಷ್ಟೊತ್ತಿಗೆ ಬಲಗೈಯ ಎರಡು ಬೆರಳು ಮಡಚಿ ಹೋಗಿದ್ದವು, ಪಾದಗಳಿಗೆ ಸ್ಪರ್ಶ ಇರಲಿಲ್ಲ. ರೋಗ ಹೋದರೂ ಅವಳನ್ನ ವಾಪಸ್ ಕೇರಿಗೆ ಕರೆಯೋ ಮಾತು ಯಾರ ಬಾಯಲ್ಲೂ ಬರಲಿಲ್ಲ. ಗುಳಿಗೆ ತನ್ನ ಕೆಲಸ ಮಾಡಿತ್ತು, ನಾವು ಮಾಡಲಿಲ್ಲ.

ಆ ಸಾರ್ ಹೋಗುವಾಗೆಲ್ಲ ಒಂದು ಮಾತು ತಪ್ಪದೆ ಹೇಳೋರು: "ಯವ್ವಾ, ಬರಿಗಾಲಾಗ ಎಲ್ಲಿಗೂ ಹೋಗಬ್ಯಾಡ."

ಇಲ್ಲಿ ಸ್ವಲ್ಪ ನಿಂತು ಓದಿ. ಕುಷ್ಠದ ರೋಗಾಣು ಬೆರಳು ಕತ್ತರಿಸಲ್ಲ. ಬೆರಳು ತಾನಾಗಿ "ಉದುರಿ" ಬೀಳೋದೂ ಇಲ್ಲ, ಅದು ಸಿನಿಮಾದವರು ಕಟ್ಟಿದ ಕಥೆ. ಅದು ನರಕ್ಕೆ ಹೊಡೀತದೆ. ನರ ಸತ್ತರೆ ಬಿಸಿ, ಚೂಪು, ಒತ್ತಡ ಯಾವುದೂ ತಿಳಿಯಲ್ಲ. ಮುಳ್ಳು ಚುಚ್ಚಿದರೂ ನಡೀತಾನೇ ಇರ್ತೀವಿ, ಅದು ಹುಣ್ಣಾಗುತ್ತೆ, ಹುಣ್ಣು ಕೀವಾಗಿ ಎಲುಬಿಗೆ ಇಳಿಯುತ್ತೆ. ಹೀಗೆ ಮತ್ತೆ ಮತ್ತೆ ಗಾಯ ಆಗಿ ಆಗಿಯೇ ಬೆರಳು ಗಿಡ್ಡ ಆಗೋದು. ವೆಲ್ಲೂರಿನಲ್ಲಿ ಡಾಕ್ಟರ್ ಪಾಲ್ ಬ್ರ್ಯಾಂಡ್ ಅನ್ನೋರು ಇದನ್ನ ರೋಗಿಗಳ ಜೊತೆಗಿದ್ದು ಗಮನಿಸಿ, ಜಗತ್ತಿಗೆ ತಿಳಿಸಿಕೊಟ್ಟರು. ರಾತ್ರಿ ಮಲಗಿದ್ದಾಗ ಸ್ಪರ್ಶವಿಲ್ಲದ ಬೆರಳನ್ನ ಇಲಿ ಕಚ್ಚಿದರೂ ಗೊತ್ತಾಗದೆ ಹೋಗುತ್ತಿತ್ತು ಅಂತ ತಿಳಿದ ಮೇಲೆ, ರೋಗಿಗಳು ಬೆಕ್ಕು ಸಾಕೋ ಹಾಗೆ ಮಾಡಿದವರು ಅವರು. ನೋವು ಅನ್ನೋದು ಕಾವಲುಗಾರ. ಈ ಕಾಯಿಲೆ ಮೊದಲು ಹೊಡೆಯೋದೇ ಆ ಕಾವಲುಗಾರನನ್ನ.

ಹಾಗಾಗಿ ಸ್ಪರ್ಶ ಹೋದ ಪಾದಕ್ಕೆ ಚಪ್ಪಲಿ ಅಂದ್ರೆ ಔಷಧಿ.

ಈಗ ನಮ್ಮೂರಿನ ಕಾನೂನು ಕೇಳ್ರಿ. ಅಗಸಿ ದಾಟಿ ಗೌಡರ ಓಣಿಗೆ ಕಾಲಿಟ್ಟರೆ ನಮ್ಮ ಜನ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡ್ಕೋಬೇಕು. ರೇಷನ್ ಅಂಗಡಿ ಇದ್ದದ್ದು ಆ ಓಣಿಯಾಚೆ. ದೊಡ್ಡವ್ವ ತಿಂಗಳಿಗೊಮ್ಮೆ ಹೋಗಲೇಬೇಕು. ಏಪ್ರಿಲ್ ಬಿಸಿಲಲ್ಲಿ ಕಾದ ಕಲ್ಲುಚಪ್ಪಡಿ ಮೇಲೆ, ಬಿಸಿ ತಿಳಿಯದ ಕಾಲಲ್ಲಿ, ಮಡಚಿದ ಬೆರಳಿಗೆ ಚಪ್ಪಲಿ ಸಿಕ್ಕಿಸಿಕೊಂಡು ನಡೆದು ಹೋಗಿ ಬಂದಳು. ಸಂಜೆ ನಮ್ಮವ್ವ ನೋಡ್ತಾಳೆ, ಅಂಗಾಲಿನ ಚರ್ಮ ಗುಳ್ಳೆ ಎದ್ದು ಸುಲಿದು ಬಂದಿದೆ. ಆ ಹುಣ್ಣು ಮಾಯಲೇ ಇಲ್ಲ. ಮೂರು ವರ್ಷದ ಮೇಲೆ ಕಾಲಿನ ಮುಂಭಾಗ ತೆಗೆದರು.

ದೊಡ್ಡವ್ವನ ಕಾಲು ತಿಂದಿದ್ದು ಯಾವುದು, ಹೇಳ್ರಿ. ಕುಷ್ಠನಾ? ಕುಷ್ಠ ವಾಸಿಯಾಗಿ ಕಾರ್ಡು ಕೈಗೆ ಬಂದಿತ್ತು.

ನಮ್ಮಪ್ಪ ಆಮೇಲೆ ಒಂದು ಕೆಲಸ ಮಾಡಿದ. ದೊಡ್ಡಾಸ್ಪತ್ರೆಯಲ್ಲಿ ಕೊಟ್ಟ ಮೆತ್ತನೆ ರಬ್ಬರಿನ ಎಂಸಿಆರ್ ಚಪ್ಪಲಿ ಹರಿದಾಗ, ಅದನ್ನ ಬಿಚ್ಚಿ ನೋಡಿ, ಅದೇ ಥರ ಒಂದು ಜೊತೆ ಹೊಲಿದ. ಜೀವಮಾನವೆಲ್ಲ ಅಟ್ಟೆಗೆ ಮೊಳೆ ಹೊಡೆದವನು. ಆ ಚಪ್ಪಲಿಗೆ ಮಾತ್ರ ಒಂದು ಮೊಳೆ ಹಾಕಲಿಲ್ಲ. ಒಳಗಿನ ಮೊಳೆ ಮೇಲೆದ್ದು ಚುಚ್ಚಿದರೆ ಅವಳಿಗೆ ತಿಳಿಯಲ್ಲವಲ್ಲ. ಕಾಲು ಜಾರದಂತೆ ಹಿಂದೊಂದು ಪಟ್ಟಿನೂ ಇಟ್ಟ. ಆದರೆ ಗೋಡೆ ಸಂದಿನ ಲೋಟ? ಅದು ಅಲ್ಲೇ ಇತ್ತು. ದೊಡ್ಡವ್ವ ತೀರಿಕೊಂಡ ಮೇಲೂ ಒಂದಷ್ಟು ದಿನ ಅಲ್ಲೇ ಇತ್ತು.

ಇದು ಹೇಗೆ ನಮ್ಮೊಳಗೆ ಬಂತು? ಬಾಬಾಸಾಹೇಬರ ನೇತೃತ್ವದಲ್ಲಿ 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಸುಟ್ಟ ಮನುಸ್ಮೃತಿ ತೆಗೆದು ನೋಡಿ. ಹನ್ನೊಂದನೇ ಅಧ್ಯಾಯದಲ್ಲಿ ಯಾವ ಪಾಪಕ್ಕೆ ಯಾವ ಕಾಯಿಲೆ ಅಂತ ರೇಟ್ ಕಾರ್ಡ್ ಇದೆ. ಬಟ್ಟೆ ಕದ್ದವನಿಗೆ ಬಿಳಿ ಕುಷ್ಠವಂತೆ. ಮೂರನೇ ಅಧ್ಯಾಯದಲ್ಲಿ ಕುಷ್ಠ ಇರುವ ಮನೆತನದಿಂದ ಹೆಣ್ಣು ತರಬೇಡ ಅಂತಿದೆ. (ಹಳೆ ಗ್ರಂಥಗಳಲ್ಲಿ ಕುಷ್ಠ ಅಂದರೆ ಈ ಒಂದೇ ಕಾಯಿಲೆ ಅಲ್ಲ, ಚರ್ಮದ ಹತ್ತಾರು ಕಾಯಿಲೆಗೂ ಅದೇ ಹೆಸರು. ಬಿಳಿ ಕುಷ್ಠ ಅಂತ ಕರೆದದ್ದು ತೊನ್ನು. ತೊನ್ನಿಗೂ ಕುಷ್ಠಕ್ಕೂ ಸಂಬಂಧವೇ ಇಲ್ಲ, ತೊನ್ನು ಅಂಟುರೋಗವೇ ಅಲ್ಲ.) ನೀನು ಕೀಳು ಜಾತಿಯಲ್ಲಿ ಹುಟ್ಟಿದ್ದು ಹಿಂದಿನ ಜನ್ಮದ ಪಾಪದಿಂದ ಅಂತ ಹೇಳುವ ಬಾಯಿಯೇ, ನಿನಗೆ ಕುಷ್ಠ ಬಂದದ್ದೂ ಹಿಂದಿನ ಜನ್ಮದ ಪಾಪದಿಂದ ಅನ್ನುತ್ತೆ. ಮೊದಲನೆಯದನ್ನ ನಾವು ಸುಟ್ಟೆವು. ಎರಡನೆಯದನ್ನ ದೇವರ ಕೋಣೆಯಲ್ಲಿ ಇಟ್ಕೊಂಡಿದ್ದೀವಿ.

ಕುಕ್ಕೆಯಲ್ಲಿ ಬ್ರಾಹ್ಮಣರು ಉಂಡ ಎಂಜಲೆಲೆ ಮೇಲೆ ಜನ ಉರುಳುತ್ತಿದ್ದ ಮಡೆಸ್ನಾನ ನೆನಪಿದೆಯಲ್ಲ? ಅದರ ಹಿಂದಿದ್ದ ನಂಬಿಕೆ ಏನು? ಚರ್ಮರೋಗ ವಾಸಿಯಾಗುತ್ತೆ ಅಂತ. ಅದರ ವಿರುದ್ಧ ನಾವು ಬೀದಿಗಿಳಿದೆವು. 2017ರಲ್ಲಿ ನಮ್ಮ ವಿಧಾನಮಂಡಲ ಅಂಗೀಕರಿಸಿದ ಮೌಢ್ಯ ನಿಷೇಧ ಕಾಯ್ದೆಯಲ್ಲಿ ಅದು ಸೇರಿತು. ಸಂತೋಷ. ಆದರೆ ಎಂಜಲೆಲೆ ಮೇಲೆ ಉರುಳಬೇಡಪ್ಪ ಅಂದ ನಾವು, ಉರುಳೋಕೆ ಹೋದವನಿಗೆ "ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗು, ಅಲ್ಲಿ ಗುಳಿಗೆ ಪುಕ್ಕಟೆ ಐತಿ" ಅಂತ ಎಷ್ಟು ಸಭೆಗಳಲ್ಲಿ ಹೇಳಿದ್ದೀವಿ? ನಾನಂತೂ ಒಂದರಲ್ಲೂ ಹೇಳಿಲ್ಲ.

ಕಾನೂನಿನ ಕಥೆ ಇನ್ನೂ ಚೆನ್ನಾಗಿದೆ. 1898ರಲ್ಲಿ ಬ್ರಿಟಿಷರು ಲೆಪರ್ಸ್ ಆಕ್ಟ್ ಅಂತ ಮಾಡಿದರು. ಭಿಕ್ಷೆ ಬೇಡುವ ಕುಷ್ಠರೋಗಿಯನ್ನ ಪೊಲೀಸರು ವಾರಂಟ್ ಇಲ್ಲದೆ ಹಿಡಿದು ಆಶ್ರಮಕ್ಕೆ ಹಾಕಬಹುದಿತ್ತು. ಸಾರ್ವಜನಿಕ ಬಾವಿ, ಕೆರೆಗಳಲ್ಲಿ ಅವರು ನೀರು ತಗೊಳ್ಳೋದನ್ನ, ಸ್ನಾನ ಮಾಡೋದನ್ನ ನಿಷೇಧಿಸುವ ಅಧಿಕಾರವೂ ಅದರಲ್ಲಿತ್ತು. ಕೆರೆ ನೀರು ಮುಟ್ಟಬಾರದು! 1927ರ ಮಾರ್ಚ್ 20ರಂದು ಚೌದಾರ್ ಕೆರೆಯ ನೀರು ಕುಡಿದವರ ಮಕ್ಕಳು ಮೊಮ್ಮಕ್ಕಳು ನಾವು. ನಮ್ಮದೇ ಗಣರಾಜ್ಯದ ಕಾನೂನು ಪುಸ್ತಕದಲ್ಲಿ ಆ ಕಾಯ್ದೆ 2016ರವರೆಗೂ ಕೂತಿತ್ತು. ಕುಷ್ಠರೋಗ ಇದೆ ಅನ್ನೋ ಕಾರಣಕ್ಕೆ ವಿಚ್ಛೇದನ ಕೊಡಬಹುದು ಅನ್ನೋ ಕಲಮು ಹಿಂದೂ ವಿವಾಹ ಕಾಯ್ದೆಯಲ್ಲಿ, ಇನ್ನೂ ಕೆಲವು ಕಾಯ್ದೆಗಳಲ್ಲಿ 2019ರವರೆಗೆ ಇತ್ತು. ಗುಳಿಗೆ ಬಂದು ಮೂರೂವರೆ ದಶಕ ಆಗಿತ್ತು! ಒಡಿಶಾದಲ್ಲಿ ಪುರಸಭೆಗೆ ಗೆದ್ದುಬಂದ ಒಬ್ಬ ಸದಸ್ಯ ಕುಷ್ಠರೋಗದ ಕಾರಣಕ್ಕೇ ಸ್ಥಾನ ಕಳ್ಕೊಂಡ. 2008ರಲ್ಲಿ ಸುಪ್ರೀಂ ಕೋರ್ಟ್ ಕೂಡ ಆ ನಿಯಮ ಸರಿ ಅಂದಿತು. ಜನ ವೋಟು ಹಾಕಿ ಗೆಲ್ಲಿಸಿದವನನ್ನ ರೋಗಾಣುವಿನ ಹೆಸರಲ್ಲಿ ಇಳಿಸಿದರು. ಸಂವಿಧಾನದ 17ನೇ ವಿಧಿ ಗೋಡೆ ಮೇಲೆ ಬರೆಸಿಕೊಂಡ ನಾವು ಅವತ್ತು ಎಲ್ಲಿದ್ವಿ? ನಮಗದು ಸುದ್ದಿ ಅಂತಲೂ ಅನಿಸಲಿಲ್ಲ.

ಜನವರಿ 30 ಬಂದರೆ ಆಸ್ಪತ್ರೆ ಗೋಡೆಗೆ ಒಂದು ಪೋಸ್ಟರ್. ಸೇವಾಗ್ರಾಮದಲ್ಲಿ ಗಾಂಧೀಜಿ ಪರ್ಚುರೆ ಶಾಸ್ತ್ರಿಗಳ ಶುಶ್ರೂಷೆ ಮಾಡುತ್ತಿರುವ ಚಿತ್ರ. ಗಾಂಧಿ ಮುಟ್ಟಿದ್ದು ದೊಡ್ಡದೇ, ನಾನು ಇಲ್ಲ ಅನ್ನಲ್ಲ. ಆದರೆ ವರ್ಷ ವರ್ಷ ಆ ಚಿತ್ರ ನೋಡಿ ಜನ ಕಲಿಯೋದೇನು? ಮುಟ್ಟಿದವನು ಮಹಾತ್ಮ ಅಂತ. ಅಂದರೆ ಮುಟ್ಟೋದಕ್ಕೆ ಮಹಾತ್ಮನೇ ಆಗಬೇಕು, ಸಾಮಾನ್ಯ ಮನುಷ್ಯ ದೂರ ಇರಬಹುದು! ಹರಿಜನ ಅನ್ನೋ ಪದವನ್ನ ನಾವು ಯಾಕೆ ಬೇಡ ಅಂದ್ವೋ ಅದೇ ಕಾರಣಕ್ಕೆ ಈ ಕರುಣೆಯನ್ನೂ ಬೇಡ ಅನ್ನಬೇಕು. ದೊಡ್ಡವ್ವನಿಗೆ ಬೇಕಾಗಿದ್ದದ್ದು ಕರುಣೆ ಅಲ್ಲ. ಎರಡು ವರ್ಷ ಮೊದಲೇ ಸಿಗಬೇಕಿದ್ದ ಗುಳಿಗೆ, ಗೌಡರ ಓಣಿಯಲ್ಲಿ ಕಾಲಲ್ಲೇ ಚಪ್ಪಲಿ ಇಟ್ಕೊಂಡು ನಡೆಯುವ ಹಕ್ಕು, ನಮ್ಮನೆಯಲ್ಲಿ ಎಲ್ಲರ ಥರದ್ದೇ ಒಂದು ಲೋಟ.

ಇನ್ನು ಸರ್ಕಾರ. 2005ರ ಡಿಸೆಂಬರಿನಲ್ಲಿ ದೇಶ ಮಟ್ಟದಲ್ಲಿ ಕುಷ್ಠರೋಗ "ನಿರ್ಮೂಲನೆ" ಆಯ್ತು ಅಂತ ಸಾರಿದರು. ಜನ ಏನು ತಿಳ್ಕೊಂಡ್ರು? ಸಿಡುಬು ಹೋದ ಹಾಗೆ ಹೋಯ್ತು ಅಂತ. ಅದರ ನಿಜವಾದ ಅರ್ಥ, ಹತ್ತು ಸಾವಿರ ಜನರಲ್ಲಿ ಚಿಕಿತ್ಸೆಯಲ್ಲಿರುವವರು ಒಬ್ಬರಿಗಿಂತ ಕಡಿಮೆ ಅಂತ ಅಷ್ಟೆ. ಈ ಲೆಕ್ಕದ ಚಮತ್ಕಾರ ನೋಡಿ. ಗುಳಿಗೆ ಮುಗಿದ ದಿನ ರೋಗಿಯ ಹೆಸರು ಪಟ್ಟಿಯಿಂದ ಹೋಗುತ್ತೆ, ಮಡಚಿದ ಬೆರಳು ಮಡಚಿದ ಹಾಗೇ ಇರುತ್ತೆ. ಎರಡು ವರ್ಷದ ಚಿಕಿತ್ಸೆ ಒಂದು ವರ್ಷಕ್ಕೆ ಇಳಿದಾಗ, ಚಿಕಿತ್ಸೆಯಲ್ಲಿರುವವರ ಲೆಕ್ಕವೂ ತಾನೇ ಇಳಿಯುತ್ತೆ. ಲೆಕ್ಕ ಇಳಿದ ಮೇಲೆ ಆ ಸೈಕಲ್ ಸಾರ್‌ಗಳೂ ಕಾಣದಾದರು, ಮನೆ ಮನೆ ಹುಡುಕಾಟವೂ ತಣ್ಣಗಾಯ್ತು. ಮತ್ತೆ ಪತ್ತೆ ಅಭಿಯಾನ ಅಂತ ಜೋರಾಗಿ ಶುರು ಮಾಡಿದ್ದು 2016ರಲ್ಲಿ. 2023ರಲ್ಲೂ ಈ ದೇಶದಲ್ಲಿ ಹೊಸದಾಗಿ ಪತ್ತೆಯಾದವರು ಒಂದು ಲಕ್ಷಕ್ಕಿಂತ ಜಾಸ್ತಿ, ಇಡೀ ಜಗತ್ತಿನ ಅರ್ಧಕ್ಕೂ ಹೆಚ್ಚು. ಅವರಲ್ಲಿ ಮಕ್ಕಳೂ ಇದ್ದಾರೆ. ಮಗುವಿಗೆ ಬಂದಿದೆ ಅಂದರೆ ಗುಳಿಗೆ ಸಿಗದ ದೊಡ್ಡವರು ಯಾರೋ ಅಕ್ಕಪಕ್ಕದಲ್ಲೇ ಇದ್ದಾರೆ ಅಂತ ಅರ್ಥ.

ಆಶಾ ಅಕ್ಕಂದಿರನ್ನ ನಾನು ಬೈಯಲ್ಲ, ಅವರ ಗೌರವಧನದ ಕಥೆ ನಮಗೆಲ್ಲ ಗೊತ್ತು. ಆದರೆ ಒಂದು ಕೇರಿಗೆ ಸಮೀಕ್ಷೆಗೆ ಬಂದವರು ಕೇರಿ ಬಾಯಲ್ಲಿ ನಿಂತು "ಯಾರಿಗಾದ್ರೂ ಮಚ್ಚೆ ಅದಾವೇನ್ರಿ?" ಅಂತ ಕೂಗಿ, ಯಾರೂ ಮಾತಾಡದಿದ್ದಾಗ ಇಲ್ಲ ಅಂತ ಬರ್ಕೊಂಡು ಹೋದದ್ದನ್ನ ನಾನೇ ನೋಡಿದೀನಿ. ನಡುಬೀದಿಯಲ್ಲಿ ಯಾರು ಹೂಂ ಅಂತಾರೆ? ಬೆನ್ನು, ತೊಡೆ ಮೇಲಿನ ಮಚ್ಚೆಯನ್ನ ಹೆಣ್ಣುಮಕ್ಕಳು ಯಾರಿಗೆ ತೋರಿಸಬೇಕು? ಒಳಗೆ ಬರಬೇಕು, ಕೂರಬೇಕು, ಹೆಂಗಸರನ್ನ ಹೆಂಗಸರು, ಗಂಡಸರನ್ನ ಗಂಡಸರು ನೋಡಬೇಕು.

ಈಗ ಕೆಲಸಕ್ಕೆ ಬರೋ ಮಾತು. ಇದನ್ನ ಸ್ಕ್ರೀನ್‌ಶಾಟ್ ತಗೊಂಡು ಇಟ್ಕೊಳ್ಳಿ.

ಮೈಬಣ್ಣಕ್ಕಿಂತ ಮಾಸಲು ಅಥವಾ ಕೆಂಪು, ತಾಮ್ರದ ಬಣ್ಣದ ಮಚ್ಚೆ. ಕೆರೆಯಲ್ಲ, ನೋಯಲ್ಲ, ಕೆಲವು ಸಲ ಅಲ್ಲಿ ಬೆವರು ಬರಲ್ಲ, ಕೂದಲು ಉದುರಿರುತ್ತೆ. ಕಣ್ಣು ಮುಚ್ಚಿಸಿ ಹತ್ತಿ ಎಳೆಯಿಂದ ಅಥವಾ ಪೆನ್ನಿನ ತುದಿಯಿಂದ ಮೆತ್ತಗೆ ಮುಟ್ಟಿ, ಎಲ್ಲಿ ಮುಟ್ಟಿದೆ ಅಂತ ಬೆರಳಿಟ್ಟು ತೋರಿಸೋಕೆ ಹೇಳಿ. ತಿಳಿಯದಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಮಚ್ಚೆ ಇಲ್ಲದೆಯೂ ಬರಬಹುದು: ಕೈಕಾಲು ಜೋಮು, ಕಿರುಬೆರಳು ಮಡಚೋದು, ಚಪ್ಪಲಿ ಕಾಲಿಂದ ಜಾರಿದರೂ ಗೊತ್ತಾಗದಿರೋದು, ಕಿವಿಯ ಹಾಲೆ ದಪ್ಪ ಆಗೋದು, ಮುಖದ ಮೇಲೆ ಗಂಟು, ಕಣ್ಣು ಪೂರ್ತಿ ಮುಚ್ಚದಿರೋದು. ಮೈಮೇಲಿನ ಪ್ರತಿ ಮಚ್ಚೆಯೂ ಕುಷ್ಠ ಅಲ್ಲ, ಸುಮ್ನೆ ಗಾಬರಿ ಬೇಡ. ಮುಲಾಮು ಹಚ್ಚುತ್ತಾ ವರ್ಷ ಕಳೀಬೇಡಿ ಅಷ್ಟೆ.

ಮುಟ್ಟಿದರೆ, ಕೈ ಕುಲುಕಿದರೆ, ಒಂದೇ ತಟ್ಟೆಯಲ್ಲಿ ಉಂಡರೆ ಇದು ಬರಲ್ಲ. ಚಿಕಿತ್ಸೆ ತಗೊಳ್ಳದವರ ಜೊತೆ ಬಹಳ ಕಾಲ ಹತ್ತಿರ ಇದ್ದರೆ ಮೂಗು ಬಾಯಿಂದ ಬರೋ ಹನಿಗಳಿಂದ ಹರಡುತ್ತೆ. ಅದೂ ನೂರಕ್ಕೆ 95 ಜನರ ಮೈಯಲ್ಲಿ ಇದನ್ನ ತಡೆಯೋ ಶಕ್ತಿ ಮೊದಲೇ ಇರುತ್ತೆ. ರೋಗಾಣು ಬಹಳ ನಿಧಾನ. ಮೈಗೆ ಸೇರಿ ಲಕ್ಷಣ ಕಾಣೋಕೆ ಸರಾಸರಿ ಐದು ವರ್ಷ, ಕೆಲವರಿಗೆ ಇಪ್ಪತ್ತು ವರ್ಷ. ಜಾತಿ ನೋಡಿ ಬರೋ ಕಾಯಿಲೆ ಅಲ್ಲ ಇದು. ಆದರೆ ಒಂದೇ ಕೋಣೆಯಲ್ಲಿ ಎಂಟು ಜನ ಮಲಗೋ ಮನೆಗಳು, ಅರೆಹೊಟ್ಟೆಯ ಮಕ್ಕಳು ಊರಿನ ಯಾವ ದಿಕ್ಕಲ್ಲಿ ಜಾಸ್ತಿ ಅಂತ ನಿಮಗೆ ಹೇಳಬೇಕಿಲ್ಲ.

ಚಿಕಿತ್ಸೆ ಶುರುವಾದರೆ ಕೆಲವೇ ದಿನಗಳಲ್ಲಿ ಆ ವ್ಯಕ್ತಿಯಿಂದ ಬೇರೆಯವರಿಗೆ ಹರಡೋದು ನಿಲ್ಲುತ್ತೆ. ಮನೆಯವರಿಗೂ ಮುಂಜಾಗ್ರತೆಗೆ ಒಂದೇ ಸಲದ ಗುಳಿಗೆ ಕೊಡ್ತಾರೆ. 28 ದಿನದ್ದು ಒಂದೊಂದು ಪಟ್ಟಿ, ತಿಂಗಳಿಗೊಮ್ಮೆ ಆರೋಗ್ಯ ಕಾರ್ಯಕರ್ತರ ಮುಂದೆ ನುಂಗೋ ಗುಳಿಗೆ ಬೇರೆ. ಆ ದಿನ ಮೂತ್ರ ಕೆಂಪಗೆ ಹೋಗುತ್ತೆ, ರಕ್ತ ಅಲ್ಲ ಅದು. ಇನ್ನೊಂದು ಗುಳಿಗೆಯಿಂದ ಮೈ ಮುಖ ಕಪ್ಪಾಗುತ್ತೆ. ಎಷ್ಟೋ ಹೆಣ್ಣುಮಕ್ಕಳು ಇದಕ್ಕೇ ಗುಳಿಗೆ ಬಿಡ್ತಾರೆ. ಕಪ್ಪು ಅಂದ್ರೆ ಕೀಳು ಅಂತ ಕಲಿಸಿದ ಸಮಾಜದಲ್ಲಿ ಇನ್ನೇನು ಮಾಡ್ತಾರೆ ಪಾಪ. ಗುಳಿಗೆ ಮುಗಿದ ಕೆಲವು ತಿಂಗಳಿಗೆ ಬಣ್ಣ ನಿಧಾನವಾಗಿ ವಾಪಸ್ ಬರುತ್ತೆ. ಚಿಕಿತ್ಸೆ ನಡುವೆ ಅಥವಾ ಮುಗಿದ ಮೇಲೆ ಮಚ್ಚೆ ಇದ್ದಕ್ಕಿದ್ದ ಹಾಗೆ ಕೆಂಪಾಗಿ ಊದಿಕೊಂಡರೆ, ನರ ನೋಯುತ್ತಿದ್ದರೆ, ಕೈಕಾಲು ಸೋತರೆ, ಗುಳಿಗೆ ನಿಲ್ಲಿಸದೆ ತಕ್ಷಣ ಡಾಕ್ಟರ ಹತ್ರ ಹೋಗಿ. ಅದಕ್ಕೆ ಬೇರೆ ಔಷಧಿ ಇದೆ, ಬೇಗ ಹೋದರೆ ನರ ಉಳಿಯುತ್ತೆ. ತಡ ಮಾಡಿದರೆ ಬೆರಳು ಮಡಚುತ್ತೆ. ಮಡಚಿದ ಬೆರಳಿಗೂ ಶಸ್ತ್ರಚಿಕಿತ್ಸೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕುಷ್ಠದಿಂದ ಗುಣಮುಖರಾಗಿ ಊನ ಉಳಿದವರಿಗೂ ಜಾಗ ಇದೆ, ಕಾರ್ಡ್ ಮಾಡಿಸಿ. ಬೆರಳಚ್ಚು ಬರಲ್ಲ ಅಂತ ರೇಷನ್ ಕೊಡದಿದ್ದರೆ ಕಣ್ಣಿನ ಸ್ಕ್ಯಾನ್ ಮಾಡಿ ಅಂತ ಕೂತು ಜಗಳ ಮಾಡಿ. ನಮ್ಮನ್ನ ಕರೀರಿ, ನಾವೂ ಬಂದು ಕೂರ್ತೀವಿ.

ಕೆಲವು ಸಂಗಾತಿಗಳು ಈಗಾಗಲೇ ಫೋನ್ ಮಾಡಿದ್ದಾರೆ. "ಒಳಮೀಸಲಾತಿ ಐತಿ, ಭೂಮಿ ಹೋರಾಟ ಐತಿ, ಅದು ಬಿಟ್ಟು ಆರೋಗ್ಯ ಇಲಾಖೆ ಕೆಲಸ ನಮಗ್ಯಾಕ?" ಅಂತ. ದೊಡ್ಡವ್ವನ ಕಾಲು ಹೋದದ್ದು ಆರೋಗ್ಯ ಇಲಾಖೆಯಿಂದಲ್ಲ ಕಣಪ್ಪಾ. ಗೌಡರ ಓಣಿಯಿಂದ, ನಮ್ಮ ಕೇರಿ ಹಿರಿಯರ ಪಂಚಾಯಿತಿಯಿಂದ, ನಮ್ಮನೆ ಗೋಡೆ ಸಂದಿನಿಂದ. ಮೂರೂ ನಮ್ಮ ಕೆಲಸವೇ.

ಭಾಷಣ ಮಾಡಿದ ಗೆಳೆಯರ ಜೊತೆಗೂ ಮಾತಾಡಿದೆ. ಹುಡುಗನ ವಿಷಯ ಕೇಳಿ ಸುಮಾರು ಹೊತ್ತು ಸುಮ್ಮನಿದ್ದು, "ಹಂಗಾದ್ರ ಜಾತಿಗೆ ಏನ್ ಅನ್ನಬೇಕೋ ಮಾರಾಯಾ?" ಅಂದರು. ಜಾತಿಗೆ ಜಾತಿ ಅಂತಲೇ ಅನ್ರಿ, ಅದಕ್ಕಿಂತ ಕೆಟ್ಟ ಪದ ಹುಡುಕಿದರೂ ಸಿಗಲ್ಲ ಅಂದೆ. ನನ್ನ ಹಳೆ ಕರಪತ್ರದ ಸಾಲಿಗೆ ನಾನು ಬಹಿರಂಗವಾಗಿ ಕ್ಷಮೆ ಕೇಳ್ತೀನಿ. ಇನ್ನು ನಮ್ಮ ವೇದಿಕೆಯಲ್ಲಿ ಯಾರಾದರೂ ಆ ಮಾತಾಡಿದರೆ ಎದ್ದು ನಿಂತು ತಡೀರಿ, ನಾನೇ ಮಾತಾಡಿದರೂ.

ಬರುವ ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ನಮ್ಮ ಕೇರಿಯ ಅಂಬೇಡ್ಕರ್ ಭವನದಲ್ಲಿ ಮಚ್ಚೆ ನೋಡೋ ಕೆಲಸ ಇಟ್ಕೊಂಡಿದೀವಿ. ಆರೋಗ್ಯ ಕೇಂದ್ರದ ಡಾಕ್ಟರ್ ಬರ್ತೀನಿ ಅಂದಿದ್ದಾರೆ. ಹೆಂಗಸರಿಗೆ ಒಳಗಿನ ಕೋಣೆ, ಅಲ್ಲಿ ಇಬ್ಬರು ಆಶಾ ಅಕ್ಕಂದಿರು ಇರ್ತಾರೆ. ಹತ್ತಿ, ಪೆನ್ನು ತರೋದು ತನ್ನ ಕೆಲಸ ಅಂತ ಆ ಹುಡುಗ ಹೇಳಿದ್ದಾನೆ. ಅವನದು ಈಗ ಎರಡನೇ ಪಟ್ಟಿ ನಡೀತಿದೆ, ಇನ್ನು ನಾಲ್ಕು ಪಟ್ಟಿ ಬಾಕಿ. ಚಹಾ ನಮ್ಮ ಮನೆಯದು.

ಜೈ ಭೀಮ್.